ನಲವತ್ತು ದಿನಗಳ ನಿಗ್ರಹ: ಬಂಧನವೋ, ಬಿಡುಗಡೆಯೋ?

ಪ್ರತಿ ವರ್ಷವೂ ಫೆಬ್ರವರಿ ೪ಕ್ಕೂ ಮಾರ್ಚಿ ೧೦ಕ್ಕೂ ನಡುವೆ ಬರುವ ಒಂದು ಬುಧವಾರದಂದು ಪ್ರಪಂಚದ ನಾನಾ ಭಾಗಗಳ ಕ್ರೈಸ್ತರು ಹಣೆಯ ಮೇಲೆ ಬೂದಿಯ ಗುರುತನ್ನು ಧರಿಸಿ ಒಂದು ವ್ರತವನ್ನು ಕೈಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಲೆಂಟ್ ಎಂದೂ, ನಮ್ಮ ಕನ್ನಡ ಕ್ರೈಸ್ತರಲ್ಲಿ ತಪಸ್ಸು ಕಾಲವೆಂದೂ ಹೆಸರಾದ ಈ ಅವಧಿಯು ಈಸ್ಟರ್ ಹಬ್ಬದ ಮುನ್ನಾದಿನದವರೆಗೆ ನಡೆಯುತ್ತದೆ. ಬೂದಿ ಬುಧವಾರದಿಂದ ಎಣಿಸಿದರೆ ದೊರೆಯುವ ದಿನಗಳು ೪೬. ಭಾನುವಾರಗಳು ಹಬ್ಬದ ದಿನಗಳೆಂದು ಆ ಆರನ್ನು ಕಳೆದರೆ ಉಳಿಯುವುವು ೪೦. ಯೇಸುವು ಅರಣ್ಯದಲ್ಲಿ ಉಪವಾಸದಿಂದ ಕಳೆದನೆಂದು ಸುವಾರ್ತೆಗಳು ಹೇಳುವ ದಿನಗಳ ಸಂಖ್ಯೆಯೂ ಅದೇ. ಪೂರ್ವದೇಶಗಳ ಪ್ರಾಚೀನ ಸಭೆಗಳಲ್ಲಿ ಎಣಿಕೆಯ ಕ್ರಮವು ಬೇರೆ, ನಿಯಮಗಳು ಇನ್ನೂ ಕಠಿಣ. ಲೆಂಟ್ ಎಂಬ ಪದವಾದರೋ ಹಳೆಯ ಇಂಗ್ಲಿಷಿನಲ್ಲಿ ವಸಂತ ಋತುವಿಗಿದ್ದ ಹೆಸರಿನಿಂದ ಬಂದುದು. ಹಗಲು ದೀರ್ಘವಾಗುತ್ತ ಹೋಗುವ ಕಾಲವನ್ನು ಅದು ಸೂಚಿಸುತ್ತಿತ್ತು.

ಪ್ರಾರ್ಥನೆ, ಉಪವಾಸ, ದಾನ ಇವು ಈ ಕಾಲದ ಮೂರು ಅಂಗಗಳು. ಮಾಂಸವನ್ನೋ, ಮದ್ಯವನ್ನೋ, ಹೊಗೆಬತ್ತಿಯನ್ನೋ, ಸಿಹಿತಿಂಡಿಯನ್ನೋ, ಈಚೆಗೆ ಮೊಬೈಲಿನ ಮನೋರಂಜನೆಯನ್ನೋ ಬಿಡುವವರು ಬಹುಮಂದಿ. ಹೀಗೆ ಬಿಡುವುದರಿಂದ ಮನುಷ್ಯನು ಸ್ವತಂತ್ರನಾಗುತ್ತಾನೆ ಎಂಬುದು ಆ ಸಂಪ್ರದಾಯದ ನಂಬಿಕೆ. ಏಕಾದಶಿಯನ್ನೂ ರಂಜಾನನ್ನೂ ಬಲ್ಲ ನಮ್ಮ ನಾಡಿನ ವಾಚಕರಿಗೆ ಈ ಮಾತು ಹೊಸದಲ್ಲ. ಆದರೂ ಒಬ್ಬ ವಿದ್ಯಾರ್ಥಿಯು ಎದ್ದು ನಿಂತು, “ಇಷ್ಟಬಂದುದನ್ನು ಮಾಡುವುದೇ ಸ್ವಾತಂತ್ರ್ಯವಲ್ಲವೇ? ಇಷ್ಟವಾದುದನ್ನು ಬಿಡುವುದು ಸ್ವಾತಂತ್ರ್ಯವಾಗುವುದು ಹೇಗೆ?” ಎಂದು ಕೇಳಿದರೆ ಅದು ಉದ್ಧಟತನವಲ್ಲ, ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಶಾಸ್ತ್ರವಚನದಿಂದಲ್ಲದೆ, ಕಳೆದ ಎಪ್ಪತ್ತು ವರ್ಷಗಳಲ್ಲಿ ಪ್ರಯೋಗಶಾಲೆಗಳು ಕಲಿಸಿದುದರಿಂದ ಉತ್ತರ ಹೇಳಬಹುದೇ ಎಂದು ನೋಡುವುದು ಈ ಲೇಖನದ ಉದ್ದೇಶ. ನಂಬಿಕೆಯುಳ್ಳವರಿಗೂ ಇಲ್ಲದವರಿಗೂ ಈ ವಿಚಾರವು ಸಮಾನವಾಗಿ ಸಲ್ಲುತ್ತದೆಂಬುದು ನಮ್ಮ ಅಭಿಪ್ರಾಯ.

ಬಯಕೆ ಬೇರೆ, ಸುಖ ಬೇರೆ

‘ಇಷ್ಟಬಂದುದು’ ಎಂಬ ಮಾತನ್ನೇ ಮೊದಲು ಪರೀಕ್ಷಿಸೋಣ. ೧೯೫೪ರಲ್ಲಿ ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಗಳ ಮೆದುಳಿನ ಒಳಭಾಗಕ್ಕೆ ಸೂಕ್ಷ್ಮವಾದ ತಂತಿಯನ್ನು ಸೇರಿಸಿ, ಒಂದು ಸನ್ನೆಯನ್ನು ಒತ್ತಿದಾಗಲೆಲ್ಲ ಅಲ್ಲಿಗೆ ಅಲ್ಪವಾದ ವಿದ್ಯುತ್ತು ಹರಿಯುವಂತೆ ಏರ್ಪಡಿಸಿದರು. ಕೆಲವು ಸ್ಥಾನಗಳಲ್ಲಿ ತಂತಿಯಿದ್ದ ಇಲಿಗಳು ಸನ್ನೆಯನ್ನು ಬಿಡದೆ ಒತ್ತತೊಡಗಿದುವು. ಮುಂದಿನ ಪ್ರಯೋಗಗಳಲ್ಲಿ ಗಂಟೆಗೆ ಸಾವಿರಾರು ಬಾರಿ ಒತ್ತಿದ ಇಲಿಗಳೂ ಇದ್ದುವು. ಮೆದುಳಿನಲ್ಲಿ ಸುಖದ ಕೇಂದ್ರವು ಸಿಕ್ಕಿತೆಂದು ಬಹುಕಾಲ ಎಲ್ಲರೂ ಭಾವಿಸಿದರು.

ಆದರೆ ೧೯೮೦ರ ದಶಕದಿಂದ ಅಮೆರಿಕದ ಕೆಂಟ್ ಬೆರಿಜ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಸಂಶೋಧನೆಯು ಈ ಭಾವನೆಯನ್ನು ತಿದ್ದಿತು. ಡೋಪಮೀನ್ ಎಂಬ ರಾಸಾಯನಿಕವು ಮೆದುಳಿನಲ್ಲಿ ಬಹುಮಟ್ಟಿಗೆ ನಾಶವಾದ ಇಲಿಯು ಆಹಾರವು ಎದುರಿಗಿದ್ದರೂ ಹೋಗಿ ತಿನ್ನುವುದಿಲ್ಲ. ಆದರೆ ಸಿಹಿನೀರನ್ನು ಅದರ ಬಾಯಿಗೆ ಹಾಕಿದರೆ, ಮೊದಲಿನಂತೆಯೇ ನಾಲಗೆ ಚಪ್ಪರಿಸಿ ಮೆಚ್ಚುಗೆಯನ್ನು ತೋರಿಸುತ್ತದೆ. ಸುಖವು ಅದಕ್ಕೆ ಉಳಿದಿದೆ, ಹೋದದ್ದು ಬಯಕೆ. ಇದರಿಂದ ‘ಬೇಕು’ ಎನ್ನುವ ವ್ಯವಸ್ಥೆಯೂ ‘ಹಿತವಾಯಿತು’ ಎನ್ನುವ ವ್ಯವಸ್ಥೆಯೂ ಮೆದುಳಿನಲ್ಲಿ ಬೇರೆ ಬೇರೆ ಎಂಬುದು ಗೊತ್ತಾಯಿತು. ಸಾಧಾರಣವಾಗಿ ಇವೆರಡೂ ಜೊತೆಗೂಡಿಯೇ ನಡೆಯುತ್ತವೆ. ಚಟದಲ್ಲಿ ಇವು ಅಗಲುತ್ತವೆ: ಹಿತವು ಕುಗ್ಗುತ್ತ ಹೋದಂತೆಯೂ ಬಯಕೆ ಬೆಳೆಯುತ್ತಲೇ ಹೋಗುತ್ತದೆ. ಹೊಗೆಬತ್ತಿಯಲ್ಲಿ ಯಾವ ಸುಖವೂ ಉಳಿದಿಲ್ಲವೆಂದು ತಾನೇ ಹೇಳುತ್ತ ಮತ್ತೊಂದನ್ನು ಹಚ್ಚುವವನನ್ನು ನಾವೆಲ್ಲರೂ ಬಲ್ಲೆವು.

ಇದಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಬೇಕು. ಫಲವು ಪ್ರತಿಸಲವೂ ದೊರೆಯದೆ, ಯಾವಾಗ ದೊರೆಯುವುದೆಂದು ತಿಳಿಯದಂತೆ ದೊರೆತರೆ ಪ್ರಾಣಿಯು ಹೆಚ್ಚು ಹಟದಿಂದ ಪ್ರಯತ್ನಿಸುತ್ತದೆಂದು ಬಿ. ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ ೧೯೫೭ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪಾರಿವಾಳಗಳ ಪ್ರಯೋಗಗಳಿಂದ ವಿವರಿಸಿದರು. ಜೂಜಿನ ಯಂತ್ರದ ಸೆಳೆತಕ್ಕೆ ಕಾರಣ ಇದೇ. ಕೈಯಲ್ಲಿರುವ ಮೊಬೈಲಿನ ಪರದೆಯನ್ನು ಬೆರಳಿನಿಂದ ಸರಿಸುತ್ತ ಹೋದಾಗ ಹತ್ತು ನಿಸ್ಸಾರವಾದ ಚಿತ್ರಗಳ ನಡುವೆ ಒಂದು ಸ್ವಾರಸ್ಯವಾದುದು ಎದುರಾಗುವುದೂ ಇದೇ ಬಗೆಯ ಏರ್ಪಾಡು. ಹೀಗಿರುವಾಗ, ರಾತ್ರಿ ಹನ್ನೊಂದು ಗಂಟೆಗೆ ಓದನ್ನೂ ನಿದ್ರೆಯನ್ನೂ ಬಿಟ್ಟು ಪರದೆಯನ್ನು ಸರಿಸುತ್ತಿರುವ ತರುಣನು ತನ್ನ ಇಷ್ಟದಂತೆ ನಡೆಯುತ್ತಿದ್ದಾನೆಂದು ಹೇಳುವುದು ಎಷ್ಟರಮಟ್ಟಿಗೆ ಸರಿ? ಆ ಬಯಕೆಯನ್ನು ಅಲ್ಲಿ ಹೂಡಿದವರು ಬೇರೆಯವರು. ಅದರ ಲಾಭವನ್ನು ಎಣಿಸುವವರೂ ಬೇರೆಯವರು. ತನ್ನ ಬಯಕೆಯ ಯಜಮಾನನು ತಾನಲ್ಲದವನಿಗೆ ‘ಇಷ್ಟಬಂದಂತೆ ಮಾಡು’ ಎಂಬ ಅನುಮತಿಯಿಂದ ಆಗುವ ಪ್ರಯೋಜನವು ಅತ್ಯಲ್ಪ.

ಕುಸ್ತಿಯಲ್ಲ, ಜಾಣ್ಮೆ

ಸಂಯಮವೆಂದರೆ ಮನಸ್ಸಿನೊಡನೆ ನಡೆಸುವ ಕುಸ್ತಿಯೆಂದು ಸಾಮಾನ್ಯವಾಗಿ ತಿಳಿಯುವುದುಂಟು. ಹಲ್ಲು ಕಚ್ಚಿ ತಡೆದವನು ಬಲಶಾಲಿ, ಸೋತವನು ದುರ್ಬಲ. ಈ ಚಿತ್ರಕ್ಕೆ ಒಂದು ಕಾಲದಲ್ಲಿ ವಿಜ್ಞಾನದ ಬೆಂಬಲವೂ ಇದ್ದಂತೆ ಕಂಡಿತು. ೧೯೯೮ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು, ಚಾಕೊಲೇಟನ್ನು ಎದುರಿಗಿಟ್ಟುಕೊಂಡು ಮೂಲಂಗಿಯನ್ನು ಮಾತ್ರ ತಿನ್ನಬೇಕಾದವರು ಆಮೇಲೆ ಕೊಟ್ಟ ಕಠಿಣ ಒಗಟನ್ನು ಬೇಗ ಕೈಬಿಟ್ಟರೆಂದು ವರದಿಮಾಡಿ, ಸಂಕಲ್ಪಬಲವು ಬಳಸಿದಂತೆಲ್ಲ ಕ್ಷಯಿಸುವ ಇಂಧನದಂತಹುದೆಂದು ಸೂಚಿಸಿದರು. ಆದರೆ ೨೦೧೬ರಲ್ಲಿ ೨೩ ಪ್ರಯೋಗಶಾಲೆಗಳು ಒಟ್ಟುಗೂಡಿ, ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಈ ತತ್ವವನ್ನು ಬೇರೊಂದು ಪ್ರಯೋಗದಿಂದ ಪರೀಕ್ಷಿಸಿದಾಗ ಹೇಳಿಕೊಳ್ಳುವಂತಹ ಪರಿಣಾಮವೇನೂ ಕಾಣಲಿಲ್ಲ. ಇಂಧನದ ಸಿದ್ಧಾಂತವು ಇಂದು ಬಹಳ ಶಿಥಿಲವಾಗಿದೆ.

ಹಾಗಾದರೆ ಸಂಯಮಿಗಳು ಮಾಡುವುದೇನು? ಜರ್ಮನಿಯಲ್ಲಿ ವಿಲ್‌ಹೆಲ್ಮ್ ಹಾಫ್‌ಮನ್ ಮತ್ತು ಸಹೋದ್ಯೋಗಿಗಳು ೨೦೫ ಜನ ವಯಸ್ಕರ ದಿನನಿತ್ಯದ ಬಯಕೆಗಳನ್ನು ಒಂದು ವಾರ ಕಾಲ ಆಗಿಂದಾಗ್ಗೆ ಕೇಳಿ ದಾಖಲಿಸಿ ೨೦೧೨ರಲ್ಲಿ ಪ್ರಕಟಿಸಿದರು. ಹೆಚ್ಚಿನ ಆತ್ಮಸಂಯಮವುಳ್ಳವರು ಆಕರ್ಷಣೆಗಳೊಡನೆ ಹೆಚ್ಚು ಸೆಣಸುತ್ತಾರೆಂದು ನಾವು ಊಹಿಸುವುದು ಸಹಜ. ಕಂಡುಬಂದುದು ಇದಕ್ಕೆ ವಿರುದ್ಧ: ಅಂತಹವರಿಗೆ ಸೆಣಸಾಟದ ಪ್ರಸಂಗಗಳೇ ಕಡಮೆ. ಜಗಳವಾಗುವ ಕಡೆಗೆ ಅವರು ಹೋಗುವುದೇ ಇಲ್ಲ.

ಇದೇ ಪಾಠವನ್ನು ನಾಲ್ಕು ವರ್ಷದ ಮಕ್ಕಳೂ ಕಲಿಸಿದ್ದಾರೆ. ೧೯೬೦ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡಿನ ಶಿಶುವಿಹಾರವೊಂದರಲ್ಲಿ ವಾಲ್ಟರ್ ಮಿಶೆಲ್ ಎಂಬ ಮನೋವಿಜ್ಞಾನಿಯು, “ಈಗಲೇ ಬೇಕೆಂದರೆ ಒಂದು ತಿನಿಸು, ನಾನು ಹಿಂದಿರುಗುವವರೆಗೆ ಕಾದರೆ ಎರಡು” ಎಂಬ ಒಪ್ಪಂದವನ್ನು ಮಕ್ಕಳ ಮುಂದಿಟ್ಟರು. ತಿನಿಸನ್ನು ದಿಟ್ಟಿಸುತ್ತ ಅದರ ರುಚಿಯನ್ನೇ ನೆನೆದ ಮಕ್ಕಳು ಬೇಗ ಸೋತರು. ತಿನಿಸನ್ನು ಕಣ್ಣಿಗೆ ಮರೆಮಾಡಿದಾಗ, ಅಥವಾ ಬೇರೆ ಯಾವುದಾದರೂ ಸಂತೋಷದ ಸಂಗತಿಯನ್ನು ನೆನೆಯುವಂತೆ ಹೇಳಿದಾಗ ಅದೇ ವಯಸ್ಸಿನ ಮಕ್ಕಳು ಬಹುಹೊತ್ತು ಕಾದರು. ಮೆತ್ತಗಿನ ಆ ಮಿಠಾಯಿಯನ್ನು ಮೋಡವೆಂದು ಭಾವಿಸಿಕೊಂಡರೂ ಸಾಕಾಗುತ್ತಿತ್ತು. ಬಲವು ಅದೇ, ಉಪಾಯ ಮಾತ್ರ ಬೇರೆ.

ಹಳೆಯ ವ್ರತದ ಒಳಗಿನ ಯುಕ್ತಿ

ಈ ಬೆಳಕಿನಲ್ಲಿ ತಪಸ್ಸು ಕಾಲವನ್ನು ನೋಡಿದರೆ ಅದನ್ನು ರೂಪಿಸಿದವರ ಲೋಕಾನುಭವವು ನಮ್ಮನ್ನು ಬೆರಗುಗೊಳಿಸುತ್ತದೆ. ಮೊದಲನೆಯದಾಗಿ, ಯಾವುದನ್ನು ಬಿಡಬೇಕೆಂಬ ನಿರ್ಧಾರವು ಮುಂಚಿತವಾಗಿಯೇ ಆಗುತ್ತದೆ. ತಟ್ಟೆಯು ಎದುರಿಗೆ ಬಂದ ಮೇಲೆ ಚರ್ಚೆಗೆ ಎಡೆಯಿಲ್ಲ. ದೂರದಲ್ಲಿರುವ ದೊಡ್ಡ ಲಾಭಕ್ಕಿಂತ ಕೈಗೆಟಕುವ ಸಣ್ಣ ಸುಖವು ಸಮೀಪಿಸಿದಂತೆಲ್ಲ ದೊಡ್ಡದಾಗಿ ಕಾಣುತ್ತದೆಂಬುದು ಮನೋವಿಜ್ಞಾನವು ಚೆನ್ನಾಗಿ ಅರಿತಿರುವ ಸಂಗತಿ. ಮರದ ಬುಡದಲ್ಲಿ ನಿಂತವನಿಗೆ ಹಿಂದಿನ ಬೆಟ್ಟವು ಮರೆಯಾಗುವಂತೆ ಇದು. ಆದುದರಿಂದ ಬೆಟ್ಟವು ಕಾಣುತ್ತಿರುವಾಗಲೇ ದಾರಿಯನ್ನು ಗೊತ್ತುಮಾಡಿಕೊಳ್ಳುವುದು ಜಾಣತನ. ಗ್ರೀಕರ ಕಥೆಯ ಯೂಲಿಸಿಸನು ಮೋಹಿನಿಯರ ಗಾನವು ಕೇಳುವುದಕ್ಕೆ ಮೊದಲೇ ತನ್ನನ್ನು ಹಡಗಿನ ಕಂಬಕ್ಕೆ ಕಟ್ಟಿಸಿಕೊಂಡದ್ದು ಇದಕ್ಕಾಗಿಯೇ.

ಎರಡನೆಯದು, ವಸ್ತುವನ್ನು ಮನೆಯಿಂದಲೇ ದೂರಮಾಡುವುದು. ಇಂಗ್ಲೆಂಡಿನಲ್ಲಿ ಬೂದಿ ಬುಧವಾರದ ಹಿಂದಿನ ಮಂಗಳವಾರ ದೋಸೆಯಂತಹ ತಿಂಡಿಯನ್ನು ಮಾಡಿ ತಿನ್ನುವ ಪದ್ಧತಿಯಿದೆ. ಹಿಂದಿನ ಕಾಲದಲ್ಲಿ ವ್ರತದ ದಿನಗಳಲ್ಲಿ ಮೊಟ್ಟೆ, ಬೆಣ್ಣೆಗಳಿಗೆ ನಿಷೇಧವಿದ್ದುದರಿಂದ ಅವನ್ನು ಅಂದೇ ಬಳಸಿ ಮುಗಿಸುತ್ತಿದ್ದರು. ಬುಧವಾರ ಬೆಳಗಾಗುವಾಗ ಉಗ್ರಾಣದಲ್ಲಿ ಬೆಣ್ಣೆಯೇ ಇರುತ್ತಿರಲಿಲ್ಲ. ಮಿಶೆಲರು ತಿನಿಸನ್ನು ಮರೆಮಾಡಿದ ಉಪಾಯವನ್ನು ಹಳ್ಳಿಯ ಗೃಹಿಣಿಯು ಶತಮಾನಗಳ ಹಿಂದೆಯೇ ಆಚರಿಸುತ್ತಿದ್ದಳು.

ಪರಿಸರದ ಪ್ರಭಾವವು ಎಷ್ಟು ಪ್ರಬಲವೆಂಬುದಕ್ಕೆ ವಿಯೆಟ್ನಾಮ್ ಯುದ್ಧಕಾಲದ ಒಂದು ನಿದರ್ಶನವುಂಟು. ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಅನೇಕರು ಹೆರಾಯಿನ್ ಎಂಬ ಮಾದಕದ್ರವ್ಯಕ್ಕೆ ದಾಸರಾಗಿದ್ದರು. ೧೯೭೧ರ ಸೆಪ್ಟೆಂಬರಿನಲ್ಲಿ ಸ್ವದೇಶಕ್ಕೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ವಿದುಷಿಯು ಪತ್ತೆಹಚ್ಚಿ ವಿಚಾರಿಸಿದರು. ಅಲ್ಲಿ ಚಟಕ್ಕೆ ಬಿದ್ದಿದ್ದವರಲ್ಲಿ ಮೊದಲ ವರ್ಷದೊಳಗೆ ಮತ್ತೆ ಅದೇ ಸ್ಥಿತಿಗೆ ಬಂದವರು ನೂರಕ್ಕೆ ಸುಮಾರು ೫ ಮಂದಿ ಮಾತ್ರ. ಆ ದ್ರವ್ಯವೂ, ಆ ಸಂಗಡಿಗರೂ, ಆ ಭಯವೂ ಸುತ್ತಮುತ್ತ ಇಲ್ಲದ ಕಡೆ ಚಟದ ಹಿಡಿತವು ಬಹುಜನರಲ್ಲಿ ಸಡಿಲವಾಯಿತು.

ಮೂರನೆಯದು, ಅವಧಿಯ ಮಿತಿ. ‘ಇನ್ನೆಂದಿಗೂ ಇಲ್ಲ’ ಎಂಬ ಪ್ರತಿಜ್ಞೆಯು ಮನಸ್ಸನ್ನು ಹೆದರಿಸುತ್ತದೆ. ‘ನಲವತ್ತು ದಿನ’ ಎಂಬುದು ಎಣಿಸಬಹುದಾದ ಮಾತು. ಆದರೆ ನಲವತ್ತು ದಿನಗಳಲ್ಲಿ ಅಭ್ಯಾಸವು ನೆಲೆಗೊಳ್ಳುವುದೇ? ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ೯೬ ಜನ ಸ್ವಯಂಸೇವಕರನ್ನು ೧೨ ವಾರ ಗಮನಿಸಿ ೨೦೧೦ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಒಂದು ಹೊಸ ನಡೆವಳಿಯು ತಾನಾಗಿಯೇ ನಡೆಯುವಂತಾಗಲು ಹಿಡಿಯುವ ಕಾಲವು ಜನರಿಂದ ಜನರಿಗೆ ೧೮ ದಿನಗಳಿಂದ ೨೫೪ ದಿನಗಳವರೆಗೆ ಬದಲಾಗುತ್ತದೆ. ಮಧ್ಯದ ಅಂಕೆ ೬೬. ಆದುದರಿಂದ ನಲವತ್ತಕ್ಕೆ ಮಾಂತ್ರಿಕ ಶಕ್ತಿಯೇನೂ ಇಲ್ಲ. ಆದರೆ ಕಠಿಣವಾದ ಆರಂಭವನ್ನು ದಾಟಿಸಲು ಅದು ಸಣ್ಣ ಅವಧಿಯೂ ಅಲ್ಲ. ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸವು ಕೆಡುವುದಿಲ್ಲವೆಂಬುದೂ ಅದೇ ಸಂಶೋಧನೆಯಿಂದ ತಿಳಿಯಿತು. ಮುಗ್ಗರಿಸಿದವನು ವ್ರತವೇ ಭಂಗವಾಯಿತೆಂದು ಕೈಚೆಲ್ಲದೆ ಮರುದಿನ ಮುಂದುವರಿಯಲು ಇದಕ್ಕಿಂತ ಒಳ್ಳೆಯ ಸಮಾಧಾನವು ಬೇಕಿಲ್ಲ.

ಹೀಗೆ ಕೆಲವು ಕಾಲ ಬಿಟ್ಟಿದ್ದರೆ ಬಯಕೆಯೇ ಬದಲಾಗುವ ಸಂಭವವೂ ಉಂಟು. ಆಹಾರದಲ್ಲಿ ಉಪ್ಪನ್ನು ಐದು ತಿಂಗಳು ಕಡಮೆಮಾಡಿದ ತರುಣರಿಗೆ ಮೊದಲು ಹಿತವಾಗಿದ್ದ ಉಪ್ಪಿನ ಪ್ರಮಾಣವು ಆಮೇಲೆ ಅತಿಯೆನಿಸಿತೆಂದು ೧೯೮೨ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಯಾವುದನ್ನು ನಾವು ‘ನನ್ನ ರುಚಿ’ ಎಂದು ಅಭಿಮಾನದಿಂದ ಹೇಳಿಕೊಳ್ಳುತ್ತೇವೆಯೋ ಅದರಲ್ಲಿ ಎಷ್ಟೋ ಭಾಗ ನಿನ್ನೆಯ ಅಭ್ಯಾಸದ ಗುರುತು.

ನಾಲ್ಕನೆಯದು ದಾನ. ಊಟದಿಂದ ಉಳಿದುದನ್ನು ಉಳ್ಳವನು ತನ್ನ ಪೆಟ್ಟಿಗೆಗೇ ಹಾಕಿಕೊಂಡರೆ ಅದು ಮಿತವ್ಯಯ. ಇಲ್ಲದವನಿಗೆ ಕೊಟ್ಟರೆ ಅದು ವ್ರತ. ಬಿಟ್ಟ ಸ್ಥಳವು ಬರಿದಾಗಿ ಉಳಿಯದೆ ಮತ್ತೊಂದು ಕೆಲಸದಿಂದ ತುಂಬುತ್ತದೆ. ಬರಿದಾದ ಸ್ಥಳಕ್ಕೆ ಹಳೆಯ ಚಟವು ಬೇಗ ಹಿಂದಿರುಗುತ್ತದೆಂಬುದನ್ನು ಅನುಭವಸ್ಥರು ಬಲ್ಲರು.

ಎಚ್ಚರಿಕೆಯ ಮಾತು

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡದಿದ್ದರೆ ಅನ್ಯಾಯವಾಗುತ್ತದೆ. ಮಿಶೆಲರ ಮಕ್ಕಳು ಬೆಳೆದ ಮೇಲೆ, ಹೆಚ್ಚು ಹೊತ್ತು ಕಾದವರಿಗೆ ಪರೀಕ್ಷೆಗಳಲ್ಲಿ ಹೆಚ್ಚು ಅಂಕಗಳು ಬಂದುವೆಂಬ ವರದಿಯು ೧೯೯೦ರಲ್ಲಿ ಹೊರಬಂದು ಜಗತ್ಪ್ರಸಿದ್ಧವಾಯಿತು. ಸಂಯಮವಿದ್ದವನು ಮೇಲೆ ಬರುತ್ತಾನೆ, ಬಡವನಾಗಿ ಉಳಿದವನು ಸಂಯಮಹೀನನು ಎಂಬ ಕ್ರೂರವಾದ ಉಪದೇಶಕ್ಕೂ ಅದು ಆಧಾರವಾಯಿತು. ಆದರೆ ೨೦೧೮ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು ಒಂಬೈನೂರಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಪರಿಶೀಲಿಸಿದಾಗ ಆ ಸಂಬಂಧವು ಹಿಂದೆ ಹೇಳಿದುದರ ಅರ್ಧದಷ್ಟೇ ಇತ್ತು. ಮನೆಯ ಸ್ಥಿತಿಗತಿ, ತಾಯಿಯ ವಿದ್ಯೆ ಮೊದಲಾದುವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಉಳಿದುದರಲ್ಲಿಯೂ ಬಹುಭಾಗ ಕರಗಿತು. ೨೦೧೩ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಹೋದ್ಯೋಗಿಗಳು ೨೮ ಮಕ್ಕಳಲ್ಲಿ ಅರ್ಧ ಜನಕ್ಕೆ ಮೊದಲು ಕೊಟ್ಟ ಮಾತನ್ನು ನಡೆಸಿಕೊಟ್ಟು, ಉಳಿದ ಅರ್ಧ ಜನಕ್ಕೆ ತಪ್ಪಿ, ಆಮೇಲೆ ಅದೇ ತಿನಿಸಿನ ಪರೀಕ್ಷೆಯನ್ನು ಒಡ್ಡಿದರು. ಮಾತು ನಡೆದ ಮಕ್ಕಳು ಸರಾಸರಿ ಸುಮಾರು ೧೨ ನಿಮಿಷ ಕಾದರು; ಮಾತು ತಪ್ಪಿಸಿಕೊಂಡವರು ಸುಮಾರು ೩ ನಿಮಿಷ. ನಾಳೆಯ ಮೇಲೆ ಭರವಸೆಯಿಲ್ಲದವನು ಇಂದು ಸಿಕ್ಕಿದುದನ್ನು ಹಿಡಿದುಕೊಳ್ಳುವುದು ಅವಿವೇಕವಲ್ಲ. ಮಕ್ಕಳಿಗೆ ಸಂಯಮವನ್ನು ಬೋಧಿಸುವ ಹಿರಿಯರು ಮೊದಲು ತಾವು ಕೊಟ್ಟ ಮಾತನ್ನು ಉಳಿಸಿಕೊಳ್ಳಲಿ. ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳುವುದಂತೂ ಸಲ್ಲದು.

ದೇಹವನ್ನು ದಂಡಿಸುವುದೇ ಸಂಯಮವೆಂಬ ಭ್ರಮೆಯೂ ಅಪಾಯಕರ. ಕೆಥೊಲಿಕ್ ಸಭೆಯ ಈಗಿನ ನಿಯಮದಂತೆ ಕಡ್ಡಾಯವಾದ ಉಪವಾಸದ ದಿನಗಳು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎಂಬ ಎರಡೇ. ಆ ದಿನಗಳಲ್ಲಿಯೂ ಒಂದು ಪೂರ್ಣ ಊಟಕ್ಕೂ ಅಲ್ಪವಾದ ಉಪಾಹಾರಕ್ಕೂ ಅವಕಾಶವಿದೆ. ೧೮ ವರ್ಷ ತುಂಬದವರಿಗೂ ೫೯ ತುಂಬಿದವರಿಗೂ ಆ ಕಟ್ಟು ಇಲ್ಲ. ಬೆಳೆಯುವ ವಯಸ್ಸಿನವರು, ಮಧುಮೇಹದಂತಹ ಕಾಯಿಲೆಯುಳ್ಳವರು ವೈದ್ಯರನ್ನು ಕೇಳದೆ ಊಟವನ್ನು ಬಿಡಬಾರದು. ಕನ್ನಡಿಯ ಮುಂದೆ ನಿಂತು ಮೈ ತೆಳ್ಳಗಾಗಲೆಂದು ಅನ್ನವನ್ನು ತೊರೆಯುವ ಹುಡುಗಿಯು ಸ್ವತಂತ್ರಳಾಗುತ್ತಿಲ್ಲ. ಹೊಸದೊಂದು ಯಜಮಾನನ ಕೈಗೆ ಸಿಕ್ಕುತ್ತಿದ್ದಾಳೆ.

ಯಾರು ಕಟ್ಟಿದ ಕಟ್ಟು?

“ನಿಯಮಕ್ಕೆ ಒಳಗಾಗುವುದೂ ದಾಸ್ಯವೇ ಅಲ್ಲವೇ? ಒಬ್ಬ ಯಜಮಾನನನ್ನು ಬಿಟ್ಟು ಇನ್ನೊಬ್ಬನನ್ನು ಸೇರಿದಂತಾಯಿತು” ಎಂಬ ಆಕ್ಷೇಪವೊಂದು ಉಳಿದಿದೆ. ಆಕ್ಷೇಪದಲ್ಲಿ ಅರ್ಧ ಸತ್ಯವುಂಟು. ಹೊರಗಿನವರ ಭಯದಿಂದ ಪಾಲಿಸಿದ ನಿಯಮವು ಸಂಯಮವಲ್ಲ, ವಿಧೇಯತೆ. ಸೆರೆಮನೆಯಲ್ಲಿರುವವನು ಮದ್ಯವನ್ನು ಕುಡಿಯದಿದ್ದರೆ ಅದು ಅವನ ಗುಣವಲ್ಲ, ಗೋಡೆಯ ಗುಣ. ಆದರೆ ತಾನೇ ಆಲೋಚಿಸಿ, ತನಗೆ ಯಾವುದು ಮುಖ್ಯವೆಂಬುದನ್ನು ನಿಶ್ಚಯಿಸಿ, ಅದಕ್ಕಾಗಿ ತನಗೆ ತಾನೇ ಹಾಕಿಕೊಂಡ ಕಟ್ಟಿನ ಸಂಗತಿ ಬೇರೆ. ವೀಣೆಯ ತಂತಿಯನ್ನು ಬಿಗಿಯದೆ ಬಿಟ್ಟರೆ ಅದು ಸ್ವತಂತ್ರವಾಗುವುದಿಲ್ಲ; ಮೂಕವಾಗುತ್ತದೆ.

೨೦೦೨ರಲ್ಲಿ ಡಾನ್ ಆರಿಯೆಲಿ ಮತ್ತು ಕ್ಲಾಸ್ ವರ್ಟನ್‌ಬ್ರಾಕ್ ವಿದ್ಯಾರ್ಥಿಗಳಿಗೆ ಪ್ರಬಂಧಗಳನ್ನು ಒಪ್ಪಿಸುವ ಗಡುವನ್ನು ತಾವೇ ಗೊತ್ತುಮಾಡಿಕೊಳ್ಳುವ ಅಧಿಕಾರವನ್ನು ಕೊಟ್ಟರು. ಎಲ್ಲವನ್ನೂ ಕೊನೆಯ ದಿನಕ್ಕೆ ಇಟ್ಟುಕೊಳ್ಳಲು ಅವಕಾಶವಿದ್ದರೂ, ಬಹುಮಂದಿ ಅದಕ್ಕೆ ಮುಂಚಿನ ದಿನಗಳನ್ನು ತಾವಾಗಿಯೇ ಆರಿಸಿಕೊಂಡು, ತಪ್ಪಿದರೆ ಅಂಕ ಕಡಿತವಾಗಲೆಂದು ಒಪ್ಪಿದರು. ತಮ್ಮ ನಾಳೆಯ ಚಪಲತೆಯನ್ನು ಇಂದೇ ಅರಿತು ಅದಕ್ಕೆ ಬೇಲಿ ಹಾಕುವುದು ತರುಣರಿಗೂ ಸ್ವಾಭಾವಿಕವೆಂದು ಇದರಿಂದ ತಿಳಿಯುತ್ತದೆ. ಬೇಲಿಯನ್ನು ಹಾಕಿದವರೂ ತಾವೇ. ಆದುದರಿಂದ ಹೊಲವೂ ತಮ್ಮದೇ.

ನಮ್ಮ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳುವುದಾದರೆ: ಸ್ವಾತಂತ್ರ್ಯವೆಂದರೆ ಬಯಕೆ ಹುಟ್ಟಿದೊಡನೆ ನಡೆಯುವುದಲ್ಲ; ಹುಟ್ಟಿದ ಬಯಕೆಗೆ ‘ಹೌದು’ ಎನ್ನುವ ಶಕ್ತಿಯೂ ‘ಬೇಡ’ ಎನ್ನುವ ಶಕ್ತಿಯೂ ಎರಡೂ ಇರುವುದು. ‘ಬೇಡ’ ಎನ್ನಲಾರದವನ ‘ಹೌದಿ’ಗೆ ಬೆಲೆಯಿಲ್ಲ. ಮನುಷ್ಯನ ಮೆದುಳಿನಲ್ಲಿ ಈ ತಡೆಯುವ ಶಕ್ತಿಗೆ ಮುಖ್ಯ ಆಶ್ರಯವಾದ ಮುಂಭಾಗವು ಇಪ್ಪತ್ತು ವರ್ಷ ದಾಟಿದ ಮೇಲೆಯೂ ಪಕ್ವವಾಗುತ್ತಲೇ ಇರುತ್ತದೆ. ಆದುದರಿಂದ ಪ್ರೌಢಶಾಲೆ, ಕಾಲೇಜುಗಳ ದಿನಗಳಲ್ಲಿ ಮನಸ್ಸು ಸುಲಭವಾಗಿ ಸೋಲುವುದು ನಾಚಿಕೆಯ ವಿಷಯವಲ್ಲ. ಆದರೆ ಅಭ್ಯಾಸಗಳು ನೆಲೆಯೂರುವ ಕಾಲವೂ ಅದೇ ಎಂಬುದನ್ನು ಮರೆಯಬಾರದು.

ಪ್ರಯೋಗವನ್ನು ಮಾಡಿ ನೋಡದೆ ಯಾವುದನ್ನೂ ಒಪ್ಪಬಾರದೆಂಬುದು ವಿಜ್ಞಾನದ ಮೊದಲ ಪಾಠ. ಕ್ರೈಸ್ತರಲ್ಲದ ವಿದ್ಯಾರ್ಥಿಗಳಿಗೂ ನಲವತ್ತು ದಿನಗಳ ಈ ಪ್ರಯೋಗಕ್ಕೆ ಅಡ್ಡಿಯೇನಿಲ್ಲ. ಯಾವುದಾದರೂ ಒಂದೇ ಒಂದನ್ನು ಆರಿಸಿಕೊಳ್ಳಿರಿ: ಊಟದ ವೇಳೆಯ ಮೊಬೈಲು, ಸಂಜೆಯ ಎಣ್ಣೆತಿಂಡಿ, ಬಾಯಿಗೆ ಸುಲಭವಾಗಿ ಬರುವ ಕಟುವಾದ ಮಾತು. ಬಿಡುವ ದಿನವನ್ನೂ ಮುಗಿಯುವ ದಿನವನ್ನೂ ಪಂಚಾಂಗದ ಮೇಲೆ ಗುರುತಿಸಿರಿ. ಆ ವಸ್ತುವನ್ನು ಕೈಗೆಟಕದ ಕಡೆ ಇಡಿರಿ. ಒಬ್ಬ ಮಿತ್ರನನ್ನು ಜೊತೆಗೂಡಿಸಿಕೊಳ್ಳಿರಿ. ಉಳಿದ ಸಮಯವನ್ನೋ ಹಣವನ್ನೋ ಮತ್ತೊಬ್ಬರಿಗೆ ಉಪಯೋಗವಾಗುವಂತೆ ಬಳಸಿರಿ. ತಪ್ಪಿದ ದಿನಗಳನ್ನು ಮರೆಮಾಚದೆ ಒಂದು ಪುಸ್ತಕದಲ್ಲಿ ಬರೆದಿಡಿರಿ. ನಲವತ್ತೊಂದನೆಯ ದಿನ ಬಿಟ್ಟುದನ್ನು ಮತ್ತೆ ಹಿಡಿಯುವಿರೋ ಇಲ್ಲವೋ ಎಂಬುದು ನಿಮಗೆ ಸೇರಿದ ಮಾತು. ಹಿಡಿದರೂ ಅಂದು ಅದನ್ನು ಆರಿಸಿಕೊಂಡವರು ನೀವು. ಅದು ನಿಮ್ಮನ್ನು ಎಳೆದುಕೊಂಡು ಹೋದುದಲ್ಲ.